ಬೀಳು ಬಿದ್ದ ಆರು ಎಕರೆ ಹೊಲ: ಸ್ಲ್ಯಾಷರ್, ಮಲ್ಚರ್, ರೋಟವೇಟರ್, ಜೆಸಿಬಿ – ಯಾವುದು ಸರಿ?

ಕಡೂರು ಬಯಲು
ಎಲ್ಲರಿಗೂ ನಮಸ್ಕಾರ. ಕಡೂರು ತಾಲ್ಲೂಕಿನಲ್ಲಿರುವ ನಮ್ಮ ತಂದೆಯವರ ಆರು ಎಕರೆ ಕೆಂಪು ಮಣ್ಣಿನ ಹೊಲ ಹಲವು ವರ್ಷಗಳಿಂದ ಉಳುಮೆ ಕಾಣದೆ ಬೀಳು ಬಿದ್ದಿದೆ. ಬದುಗಳ ಉದ್ದಕ್ಕೂ ಲಂಟಾನ ಆಳೆತ್ತರ ಬೆಳೆದು ಹೊಲದ ಒಳಕ್ಕೂ ನುಗ್ಗಿದೆ. ನಡುವಿನ ಜಾಗದಲ್ಲಿ ಪಾರ್ಥೇನಿಯಂ ಮತ್ತು ಒರಟು ಹುಲ್ಲು ತುಂಬಿಕೊಂಡಿದ್ದು, ಅಲ್ಲಲ್ಲಿ ಹೆಬ್ಬೆರಳಿನಿಂದ ಮಣಿಕಟ್ಟಿನ ಗಾತ್ರದವರೆಗಿನ ಜಾಲಿ ಗಿಡಗಳಿವೆ. ತಗ್ಗಿನ ಒಂದು ಎಕರೆಯಲ್ಲಿ ಗರಿಕೆ ಮತ್ತು ಜೇಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಮ್ಮಲ್ಲಿರುವುದು 45 ಎಚ್‌ಪಿಯ ಟೂ ವೀಲ್ ಡ್ರೈವ್ ಟ್ರ್ಯಾಕ್ಟರ್. ಅಂಗಡಿಯವರು ಕಡ್ಡಿ-ಕಸ ಪುಡಿ ಮಾಡುವ ಮಲ್ಚರ್ ಕೊಳ್ಳಿ ಎನ್ನುತ್ತಾರೆ, ಪಕ್ಕದ ಹೊಲದವರು ರೋಟವೇಟರ್ ಸಾಕು ಎನ್ನುತ್ತಾರೆ, ನಮ್ಮ ಭಾವನವರು ಜೆಸಿಬಿ ತರಿಸಿ ಒಂದೇ ಸಲಕ್ಕೆ ಮುಗಿಸಿಬಿಡು ಎನ್ನುತ್ತಾರೆ. ಯಾವುದನ್ನು ಕೊಳ್ಳಬೇಕು, ಕೊಂಡದ್ದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಬಳಸಿದವರಿಂದಲೇ ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆ ಮೆಕ್ಕೆಜೋಳ
ರೋಟವೇಟರ್ ಸಾಕು. ಎರಡು ಸಲ ಓಡಿಸಿದರೆ ಎಲ್ಲವೂ ಪುಡಿಯಾಗುತ್ತದೆ.

ಹಾವೇರಿ ವರ್ಕ್‌ಶಾಪ್
ಮೆಕ್ಕೆಜೋಳದ ಕೂಳೆಗೆ ಅದು ಸರಿ, ಈ ಹೊಲಕ್ಕೆ ಸರಿಯಲ್ಲ. ರೋಟವೇಟರ್ ಇರುವುದು ಮಣ್ಣು ಪುಡಿ ಮಾಡುವುದಕ್ಕೆ. ಲಂಟಾನದ ಉದ್ದನೆಯ ಕಾಂಡಗಳು ಅದರ ರೋಟರಿಗೆ ಸುತ್ತಿಕೊಂಡು ಎರಡೂ ಬದಿಯ ಬೇರಿಂಗ್ ಸೀಲುಗಳನ್ನು ಕಿತ್ತುಹಾಕುತ್ತವೆ. ಜಾಲಿಯ ಬುಡಕ್ಕೆ ಬಡಿದರೆ ಬ್ಲೇಡು ಮುರಿಯುತ್ತದೆ ಇಲ್ಲವೇ ಬೋಲ್ಟು ಹಾರುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಗರಿಕೆ ಮತ್ತು ಜೇಕು ಇರುವ ಎಕರೆಯದು. ಗರಿಕೆಯ ಬಳ್ಳಿಯನ್ನು ತುಂಡು ಮಾಡಿದಷ್ಟೂ ಪ್ರತಿ ಗೆಣ್ಣಿನಿಂದ ಹೊಸ ಗಿಡ ಬರುತ್ತದೆ, ಮತ್ತು ಜೇಕಿನ ಗೆಡ್ಡೆಗಳ ಸರಪಳಿ ಕಡಿದುಹೋದಾಗ ಅಲ್ಲಿಯವರೆಗೆ ಮಲಗಿದ್ದ ಗೆಡ್ಡೆಗಳೂ ಚಿಗುರುತ್ತವೆ. ಒಂದು ಎಕರೆಯ ಜೇಕನ್ನು ಆರು ಎಕರೆಗೆ ಹಂಚಬೇಕೆಂದಿದ್ದರೆ ಮಾತ್ರ ಮೊದಲ ಕೆಲಸಕ್ಕೆ ರೋಟವೇಟರ್ ಇಳಿಸಬೇಕಾಗುತ್ತದೆ.

ಯಂತ್ರವನ್ನು ಟ್ರ್ಯಾಕ್ಟರ್ ನೋಡಿ ಆರಿಸುವ ಮೊದಲು ಕಾಂಡದ ದಪ್ಪ ನೋಡಿ ಆರಿಸಬೇಕು. ಬೆರಳು ಗಾತ್ರದವರೆಗಿನ ಎಲ್ಲದಕ್ಕೂ ಐದು ಅಡಿಯ ರೋಟರಿ ಸ್ಲ್ಯಾಷರ್, ಅಂದರೆ ತಿರುಗುವ ಬ್ಲೇಡುಗಳಿಂದ ಹುಲ್ಲು ಪೊದೆ ಕಡಿಯುವ ಯಂತ್ರ, ತಕ್ಕದ್ದು. ಅಗಲದ ಪ್ರತಿ ಅಡಿಗೆ ಪಿಟಿಒದಲ್ಲಿ (ಟ್ರ್ಯಾಕ್ಟರಿನ ಹಿಂದೆ ಯಂತ್ರಗಳಿಗೆ ಶಕ್ತಿ ಕೊಡುವ ತಿರುಗು ಶಾಫ್ಟ್) ಐದಾರು ಎಚ್‌ಪಿ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಎಂಜಿನ್ನಿನ 45 ಎಚ್‌ಪಿಯಲ್ಲಿ ಪಿಟಿಒಗೆ ಸಿಗುವುದು ಸುಮಾರು 38. ಹಾಗಾಗಿ ಐದು ಅಡಿಗೆ ಶಕ್ತಿ ಸಾಲುತ್ತದೆ, ಆರು ಅಡಿಯದು ಒಣ ಹುಲ್ಲಿನಲ್ಲಿ ಓಡಿ ಲಂಟಾನದಲ್ಲಿ ನಿಂತುಹೋಗುತ್ತದೆ.

ಅರಸೀಕೆರೆ ತೆಂಗು
ಸ್ಲ್ಯಾಷರ್ ಬಗ್ಗೆ ನನ್ನ ತಕರಾರಿದೆ. ಅದು ಕಡಿದದ್ದನ್ನು ಉದ್ದುದ್ದ ತುಂಡುಗಳಾಗಿ ಬಿಟ್ಟುಹೋಗುತ್ತದೆ, ಆಮೇಲೆ ಕುಂಟೆ ಹೊಡೆಯುವಾಗ ಎಲ್ಲವೂ ಕುಂಟೆಗೆ ಸಿಕ್ಕಿಕೊಳ್ಳುತ್ತದೆ. ನಾನು ತೆಂಗಿನ ಗರಿ ಪುಡಿ ಮಾಡುವುದಕ್ಕೆ ಮಲ್ಚರ್ ಬಳಸುತ್ತಿದ್ದೇನೆ. ಗರಿಯ ದಿಂಡು ಕೂಡ ನುಣ್ಣಗಾಗಿ ನೆಲಕ್ಕೆ ಹೊದಿಕೆಯಾಗುತ್ತದೆ, ತೇವ ಉಳಿಯುತ್ತದೆ, ಕಳೆಯೂ ಕಡಿಮೆಯಾಗುತ್ತದೆ. ಕಡೂರಿನಂತಹ ಮಳೆ ಕಡಿಮೆ ಇರುವ ಕಡೆ ಆ ಹೊದಿಕೆಗೆ ಬೆಲೆ ಕಟ್ಟಲಾಗದು.

ಹಾವೇರಿ ವರ್ಕ್‌ಶಾಪ್
ತೆಂಗಿನ ತೋಟದ ಸಮತಟ್ಟಾದ, ಕಲ್ಲು ಆರಿಸಿದ ನೆಲದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಮಾರಾಟವಾಗುವ ಮಲ್ಚರ್‌ಗಳು ಬಹುಪಾಲು ಕಬ್ಬಿನ ರವದಿ, ಹತ್ತಿ ಕಡ್ಡಿ, ಜೋಳದ ದಂಟು ಮುಂತಾದ ಬೆಳೆಯ ಉಳಿಕೆಗಳಿಗಾಗಿ ಮಾಡಿದವು. ಅದರಲ್ಲಿ ಅಡ್ಡಲಾಗಿ ತಿರುಗುವ ರೋಟರಿಗೆ ಹತ್ತಾರು ಸುತ್ತಿಗೆಗಳು ನೇತುಬಿದ್ದಿರುತ್ತವೆ. ಬೀಳು ಹೊಲದ ಹುಲ್ಲಿನಡಿಯಲ್ಲಿ ಅಡಗಿದ ಕಲ್ಲಿಗೆ ತಗುಲಿ ಒಂದು ಸುತ್ತಿಗೆ ಮುರಿದರೂ ರೋಟರಿನ ಸಮತೋಲ ತಪ್ಪಿ ಅದುರಾಟ ಶುರುವಾಗುತ್ತದೆ, ಆ ಅದುರಾಟದಲ್ಲಿಯೇ ದುಡಿಸಿದರೆ ಬೇರಿಂಗ್ ಹೋಗುತ್ತದೆ. ಆಗ ಮುರಿದದ್ದರ ಜೊತೆಗೆ ಅದರ ಎದುರು ಬದಿಯದನ್ನೂ ಬದಲಿಸಬೇಕು. ಸ್ಲ್ಯಾಷರ್‌ನಲ್ಲಿ ಇರುವುದು ಸಾಮಾನ್ಯವಾಗಿ ಎರಡೇ ಬ್ಲೇಡು. ಅವು ಬೋಲ್ಟಿನ ಮೇಲೆ ಸಡಿಲವಾಗಿ ತಿರುಗುವುದರಿಂದ ಕಲ್ಲಿಗೆ ಬಡಿದಾಗ ಹಿಂದಕ್ಕೆ ಮಡಚಿಕೊಳ್ಳುತ್ತವೆ, ಮತ್ತು ನಡುವೆ ತಟ್ಟೆಯಂತಹ ಉಕ್ಕಿನ ಫಲಕವಿರುವ ಮಾದರಿಯಾದರೆ ಅದು ಬುಡಗಳ ಮೇಲೆ ಜಾರಿಕೊಂಡು ಹೋಗುತ್ತದೆ. ಕೊಳ್ಳುವಾಗ ಆ ತಟ್ಟೆ ಇದೆಯೇ ಎಂದು ಬಗ್ಗಿ ನೋಡಿ. ಬಣ್ಣ, ಸ್ಟಿಕ್ಕರ್ ಯಾವುದಿದ್ದರೂ ನಡೆಯುತ್ತದೆ.

ಅಲ್ಲದೆ ಅದೇ ಅಗಲಕ್ಕೆ ಮಲ್ಚರ್ ಹೆಚ್ಚು ಶಕ್ತಿ ಕೇಳುತ್ತದೆ. 45 ಎಚ್‌ಪಿಯಲ್ಲಿ ಅದನ್ನು ಲಂಟಾನಕ್ಕೆ ಹಾಕಿದರೆ ಟ್ರ್ಯಾಕ್ಟರ್ ತೆವಳಬೇಕಾಗುತ್ತದೆ.

ಸಿಂಧನೂರು ಕಪ್ಪುನೆಲ
ಜಾಲಿಯ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ. ಅದು ಕರಿಜಾಲಿಯೋ ಬಳ್ಳಾರಿ ಜಾಲಿಯೋ ಮೊದಲು ಗುರುತಿಸಿ. ಬಳ್ಳಾರಿ ಜಾಲಿಯಾದರೆ ಸ್ಲ್ಯಾಷರ್ ಅದಕ್ಕೆ ಮದ್ದಲ್ಲ, ಗೊಬ್ಬರ. ನೆಲದ ಮೇಲೆ ಕಡಿದರೆ ಒಂದು ಕಾಂಡವಿದ್ದ ಕಡೆ ಬುಡದ ಸುತ್ತ ಹಲವು ಕಾಂಡಗಳು ಎದ್ದು, ಮುಂದಿನ ವರ್ಷ ಹೊಲದೊಳಗೆ ಕಾಲಿಡಲೂ ಆಗದಂತೆ ಮುಳ್ಳಿನ ಪೊದೆಯಾಗುತ್ತದೆ. ಚಿಗುರುವ ಮೊಗ್ಗುಗಳು ಇರುವುದು ಕಾಂಡ ಮತ್ತು ಬೇರು ಸೇರುವ ಜಾಗದಲ್ಲಿ, ಆ ಭಾಗ ನೆಲದೊಳಗಿನಿಂದಲೇ ಹೊರಬರಬೇಕು. ನಮ್ಮ ಕಡೆ ಎರೆ ಭೂಮಿಯಲ್ಲಿ ಮಳೆಯಾದ ಮೇಲೆ, ಮಣ್ಣು ಸಡಿಲ ಇರುವಾಗ, ಸಣ್ಣವನ್ನು ಹಾರೆ ಗುದ್ದಲಿಯಿಂದ, ದೊಡ್ಡವನ್ನು ಜೆಸಿಬಿಯಿಂದ ಬೇರುಸಹಿತ ಕೀಳಿಸುತ್ತೇವೆ.

ಇನ್ನೊಂದು ಮಾತು. ಸ್ಲ್ಯಾಷರ್ ಕಡಿದು ಬಿಟ್ಟ ಜಾಲಿಯ ಮುಳ್ಳು ಒಣಗಿದ ಮೇಲೆ ಮುಂದಿನ ಟೈರಿಗೆ ಮೊಳೆಗಿಂತ ಕೆಟ್ಟದ್ದು. ಜಾಲಿ ಇರುವ ಭಾಗವನ್ನು ಕೊನೆಗೆ ಇಟ್ಟುಕೊಳ್ಳಿ, ಅಲ್ಲಿ ಕೊಂಬೆಗಳನ್ನು ಮೊದಲು ಕೈಯಿಂದ ಸವರಿ ಎಳೆದು ಹಾಕಿಸಿ.

ಕಡೂರು ಬಯಲು
ಬಹಳ ಉಪಯುಕ್ತ ಮಾಹಿತಿ. ಮೇಲಿನ ತುದಿಯಲ್ಲಿರುವುದು ಬಳ್ಳಾರಿ ಜಾಲಿಯೇ, ಹಳದಿ ಬಣ್ಣದ ಕಾಯಿ ಬಿಟ್ಟಿವೆ. ಹಾಗಾದರೆ ಇಡೀ ಹೊಲಕ್ಕೆ ಜೆಸಿಬಿ ತರಿಸುವುದೇ ಒಳ್ಳೆಯದಲ್ಲವೇ?

ಹುಣಸೂರು ಹೊಲಮನೆ
ದಯವಿಟ್ಟು ಹಾಗೆ ಮಾಡಬೇಡಿ. ಜೆಸಿಬಿಯ ಬಕೆಟ್ ಪೊದೆಯ ಜೊತೆಗೆ ಮೇಲಿನ ಅರ್ಧ ಅಡಿ ಮಣ್ಣನ್ನೂ ಕೆರೆದು ಬದುವಿನ ಮೇಲೆ ರಾಶಿ ಹಾಕುತ್ತದೆ. ಇಷ್ಟು ವರ್ಷ ಬೀಳು ಬಿದ್ದಿದ್ದರಿಂದ ನಿಮ್ಮ ಹೊಲಕ್ಕೆ ಸಿಕ್ಕಿರುವ ಒಂದೇ ಲಾಭವೆಂದರೆ ಎಲೆ ಉದುರಿ, ಹುಲ್ಲು ಕೊಳೆತು ಸೇರಿಕೊಂಡ ಆ ಮೇಲ್ಮಣ್ಣು. ಅದನ್ನು ಕಳೆದುಕೊಂಡು ಕೆಳಗಿನ ಗಟ್ಟಿ ಕೆಂಪು ಮಣ್ಣಿನಲ್ಲಿ ರಾಗಿ ಬಿತ್ತಿದರೆ ಏನು ಬರುತ್ತದೆ? ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ನಮ್ಮ ಮಣ್ಣನ್ನು ನಾವೇ ಹೊರಗೆ ಹಾಕಿಸಿದಂತಾಗುತ್ತದೆ. ಜೆಸಿಬಿಯನ್ನು ಜಾಲಿಯ ಬುಡಗಳಿಗೆ ಮಾತ್ರ ಕರೆಸಿ, ಎದುರಿಗೆ ನಿಂತು ಒಂದೊಂದು ಬುಡ ತೋರಿಸಿ ಕೀಳಿಸಿ.

ಯಂತ್ರ ಇಳಿಸುವ ಮೊದಲು ಒಮ್ಮೆ ನಡೆದು ನೋಡಿ. ಇಂತಹ ಹೊಲಗಳ ಬದುಗಳಲ್ಲಿ ಹಕ್ಕಿಗಳಿಂದ ಬಂದ ಬೀಜಕ್ಕೆ ಶ್ರೀಗಂಧ ತಾನಾಗಿ ಹುಟ್ಟಿರುತ್ತದೆ. 2001ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಹಿಡುವಳಿ ಜಮೀನಿನ ಗಂಧದ ಮರಕ್ಕೆ ಜಮೀನಿನ ಮಾಲೀಕರೇ ಒಡೆಯರು. ಕಡಿಯುವುದಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಂಗೆ, ಬೇವು, ಗಂಧದ ಸಸಿಗಳಿಗೆ ಬಣ್ಣದ ಬಟ್ಟೆ ಕಟ್ಟಿ ಉಳಿಸಿಕೊಳ್ಳಿ.

ಅರಸೀಕೆರೆ ತೆಂಗು
ಮೇಡಂ ಹೇಳಿದ್ದು ಸರಿಯಾಗಿದೆ. ಹಾಗೆ ನಡೆಯುವಾಗಲೇ ಹಳೆಯ ಡ್ರಿಪ್ ಪೈಪು, ಮುಳ್ಳುತಂತಿ, ಮುರಿದ ಕಲ್ಲುಕಂಬ, ಬೋರ್‌ವೆಲ್ ಕೇಸಿಂಗ್ ಎಲ್ಲಿವೆ ಎಂದೂ ಗುರುತು ಮಾಡಿಕೊಳ್ಳಿ. ಡ್ರಿಪ್ ಲ್ಯಾಟರಲ್ ಒಂದು ಸಿಕ್ಕಿದರೆ ಸಾಕು, ಗೇರ್ ಬಾಕ್ಸ್ ಶಾಫ್ಟಿಗೆ ಬಿಗಿದುಕೊಂಡು ಆಯಿಲ್ ಸೀಲ್ ಹರಿದುಹಾಕುತ್ತದೆ.

ತೀರ್ಥಹಳ್ಳಿ ಅಡಕೆ
ನಮ್ಮ ಮಲೆನಾಡಿನಲ್ಲಿ ಲಂಟಾನಕ್ಕಿಂತ ಕಮ್ಯುನಿಸ್ಟ್ ಗಿಡ ಎಂಬ ಕಳೆಯ ಕಾಟ ಹೆಚ್ಚು, ಟ್ರ್ಯಾಕ್ಟರ್ ಹೋಗದ ಇಳಿಜಾರಿನಲ್ಲಿ ಬೆನ್ನಿಗೆ ಹಾಕುವ ಬ್ರಷ್ ಕಟರ್‌ನಿಂದಲೇ ಕೆಲಸ. ಆದರೂ ಗದ್ದೆಬೈಲಿನ ಬೀಳಿನಲ್ಲಿ ಸ್ಲ್ಯಾಷರ್ ಓಡಿಸಿ ಗೊತ್ತು. ಆಳೆತ್ತರದ ಪೊದೆಗೆ ಟ್ರ್ಯಾಕ್ಟರಿನ ಮೂತಿಯನ್ನು ನುಗ್ಗಿಸಿದರೆ ರೇಡಿಯೇಟರ್ ಜಾಲರಿ ಹರಿಯುತ್ತದೆ, ಕೊಂಬೆಗಳು ಡೀಸೆಲ್ ಪೈಪಿಗೆ ಸಿಕ್ಕಿಕೊಳ್ಳುತ್ತವೆ. ಸ್ಲ್ಯಾಷರನ್ನು ಎತ್ತಿಕೊಂಡು ರಿವರ್ಸಿನಲ್ಲಿ ಪೊದೆಯ ಮೇಲೆ ಹೋಗಿ, ನಿಧಾನವಾಗಿ ಇಳಿಸಿ, ಮುಂದಕ್ಕೆ ಬನ್ನಿ. ಎಲ್ಲರೂ ಹೀಗೆಯೇ ಮಾಡುತ್ತಾರೆ.

ಹಾವೇರಿ ವರ್ಕ್‌ಶಾಪ್
ಎಲ್ಲರೂ ಮಾಡುತ್ತಾರೆ ಎಂಬುದು ನಿಜ, ಅದು ಅಪಾಯ ಎಂಬುದೂ ನಿಜ. ಐದು ಅಡಿಯ ಸ್ಲ್ಯಾಷರಿನ ಬ್ಲೇಡ್ ತುದಿ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಚಲಿಸುತ್ತಿರುತ್ತದೆ. ನೆಲದಿಂದ ಎರಡಡಿ ಎತ್ತಿದಾಗ ಸುತ್ತಲಿನ ಸರಪಳಿ ಗಾರ್ಡಿಗೆ ಯಾವ ಅರ್ಥವೂ ಉಳಿಯುವುದಿಲ್ಲ, ಹಾರಿಬರುವ ಕಲ್ಲು ನೇರ ಚಾಲಕನ ಬೆನ್ನಿಗೆ ಬರುತ್ತದೆ. ಅದಲ್ಲದೆ ಅಷ್ಟು ಎತ್ತಿದಾಗ ಪಿಟಿಒ ಶಾಫ್ಟಿನ ಕೋನ ಹೆಚ್ಚಾಗಿ ಅದರ ಕೀಲುಗಳಾದ ಕ್ರಾಸುಗಳು ಕಟಕಟ ಬಡಿದುಕೊಳ್ಳುತ್ತವೆ.

ತೀರ್ಥಹಳ್ಳಿ ಅಡಕೆ
ಹಾಗಾದರೆ ಆಳೆತ್ತರದ ಪೊದೆಯನ್ನು ಕಡಿಯುವುದು ಹೇಗೆ, ನೀವೇ ಹೇಳಿ. ಮುಂದಿನಿಂದ ನುಗ್ಗಿದರೆ ಟ್ರ್ಯಾಕ್ಟರ್ ಹಾಳು, ಹಿಂದಿನಿಂದ ಹೋದರೆ ಅಪಾಯ ಎಂದರೆ ಕೆಲಸವೇ ಆಗುವುದಿಲ್ಲವಲ್ಲ.

ಹಾವೇರಿ ವರ್ಕ್‌ಶಾಪ್
ರಿವರ್ಸಿನಲ್ಲಿ ಹೋಗುವುದು ಸರಿ, ಎತ್ತರ ಒಂದು ಅಡಿಯನ್ನು ಮೀರಬಾರದು, ಮತ್ತು ಎದೆಯೆತ್ತರಕ್ಕಿಂತ ಮೇಲಿನದನ್ನು ಯಂತ್ರಕ್ಕೆ ಮೊದಲೇ ಆಳುಗಳಿಂದ ಮಚ್ಚಿನಲ್ಲಿ ಸವರಿಸಬೇಕು. ಲಂಟಾನ ಬದುವಿನ ಗುಂಟ ಮಾತ್ರ ಆಳೆತ್ತರ ಇರುವುದರಿಂದ ಕಡೂರಿನವರಿಗೆ ಇದು ಹೆಚ್ಚಿನ ಕೂಲಿಯಾಗದು. ಬದುವಿನ ಇಳಿಜಾರಿಗೆ ಅಡ್ಡಲಾಗಿ ಟ್ರ್ಯಾಕ್ಟರ್ ಹತ್ತಿಸಲೇಬಾರದು, ಹುಲ್ಲಿನಡಿ ಅಡಗಿದ ಒಂದು ಗುಂಡಿಗೆ ಕೆಳಬದಿಯ ಚಕ್ರ ಇಳಿದರೆ ಟ್ರ್ಯಾಕ್ಟರ್ ಮಗುಚುತ್ತದೆ.

ತೀರ್ಥಹಳ್ಳಿ ಅಡಕೆ
ಒಂದು ಅಡಿಯ ಮಿತಿಯನ್ನು ಒಪ್ಪುತ್ತೇನೆ. ಬದುವಿನ ಮಾತನ್ನು ನಮ್ಮ ಕಡೆಯವರೆಲ್ಲ ಓದಬೇಕು.

ಗೌರಿಬಿದನೂರು ರಾಗಿ
ನಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಸ್ಲ್ಯಾಷರ್ ಓಡಿಸುವಾಗ ಕ್ಲಚ್ ತುಳಿದರೂ ಟ್ರ್ಯಾಕ್ಟರ್ ನಿಲ್ಲದೆ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಬ್ರೇಕ್ ಸರಿ ಮಾಡಿಸಿದರೂ ಹಾಗೆಯೇ ಆಗುತ್ತಿದೆ. ಇದಕ್ಕೆ ಏನು ಕಾರಣ?

ಹಾವೇರಿ ವರ್ಕ್‌ಶಾಪ್
ತಪ್ಪು ಬ್ರೇಕಿನದಲ್ಲ. ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಕ್ಲಚ್ ತುಳಿದಾಗ ಎಂಜಿನ್ ಬಿಟ್ಟುಕೊಂಡರೂ ಪಿಟಿಒ ಮತ್ತು ಗೇರ್ ಬಾಕ್ಸ್ ಒಂದಕ್ಕೊಂದು ಜೋಡಿಕೊಂಡೇ ಇರುತ್ತವೆ. ತಿರುಗುತ್ತಿರುವ ಭಾರದ ಬ್ಲೇಡುಗಳ ವೇಗ ಪಿಟಿಒ ಮೂಲಕ ಹಿಂದಕ್ಕೆ ಬಂದು ಚಕ್ರಗಳನ್ನು ತಿರುಗಿಸುತ್ತದೆ. ಪಿಟಿಒ ತುದಿಗೆ ಒಂದೇ ದಿಕ್ಕಿಗೆ ಬಲ ಸಾಗಿಸುವ ಓವರ್‌ರನ್ನಿಂಗ್ ಕ್ಲಚ್ ಹಾಕಿಸಿದರೆ ಈ ತಳ್ಳಾಟ ನಿಲ್ಲುತ್ತದೆ. ಬಾವಿಯ ಬಳಿ, ಬದುವಿನ ತುದಿಯಲ್ಲಿ ಜೀವ ಉಳಿಸುವ ವಸ್ತು ಅದು. ಅಲ್ಲಿಯವರೆಗೆ ತಿರುವಿನಲ್ಲಿ ಕ್ಲಚ್ ಜೊತೆಗೆ ಗೇರನ್ನೂ ನ್ಯೂಟ್ರಲ್‌ಗೆ ತನ್ನಿ, ನಿಲ್ಲಿಸುವ ಜಾಗಕ್ಕಿಂತ ಬಹಳ ಮೊದಲೇ ವೇಗ ಇಳಿಸಿ.

ಕಡೂರು ಬಯಲು
ನಮ್ಮದು ಡಬಲ್ ಕ್ಲಚ್ ಇದೆ, ಆ ಚಿಂತೆ ಇಲ್ಲ. ಈಗ ನಿರ್ವಹಣೆಯ ವಿಷಯ ಸ್ವಲ್ಪ ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ವರ್ಷದಲ್ಲಿ ಎರಡು ತಿಂಗಳು ಬಳಸಿ ಉಳಿದ ಕಾಲ ಕೊಟ್ಟಿಗೆಯಲ್ಲಿ ನಿಲ್ಲುವ ಯಂತ್ರಕ್ಕೆ ಏನೇನು ಮಾಡಬೇಕು?

ಹಾವೇರಿ ವರ್ಕ್‌ಶಾಪ್
ನಿಲ್ಲಿಸಿಟ್ಟ ಕಾಲದಲ್ಲೇ ಸ್ಲ್ಯಾಷರ್ ಹೆಚ್ಚು ಹಾಳಾಗುವುದು, ಅದರಲ್ಲಿಯೂ ಸ್ಲಿಪ್ ಕ್ಲಚ್. ಬ್ಲೇಡು ಬುಡಕ್ಕೆ ಸಿಕ್ಕಿದಾಗ ಜಾರಿ ಗೇರ್ ಬಾಕ್ಸನ್ನು ಕಾಪಾಡುವುದೇ ಅದರ ಕೆಲಸ. ಒಂದು ಮಳೆಗಾಲ ತೇವದಲ್ಲಿ ನಿಂತರೆ ಅದರ ಪ್ಲೇಟುಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ನೋಡುವುದಕ್ಕೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಮೊದಲ ಬುಡಕ್ಕೆ ಬಡಿದಾಗ ಮಾತ್ರ ಅದು ಜಾರದೆ ಗೇರಿನ ಹಲ್ಲು ಹೋಗುತ್ತದೆ, ಇಲ್ಲವೇ ಪಿಟಿಒ ಶಾಫ್ಟ್ ತಿರುಚಿಕೊಳ್ಳುತ್ತದೆ. ಆದ್ದರಿಂದ ಪ್ರತಿ ವರ್ಷ ಕೆಲಸ ಶುರು ಮಾಡುವ ಮೊದಲು ಸ್ಪ್ರಿಂಗ್ ನಟ್ಟುಗಳು ಎಷ್ಟು ಬಿಗಿಯಾಗಿವೆ ಎಂದು ಅಳೆದು ಬರೆದಿಟ್ಟುಕೊಂಡು, ಅಷ್ಟನ್ನೂ ಸಮನಾಗಿ ಸಡಿಲಿಸಿ, ಪ್ಲೇಟುಗಳ ಅಂಚಿಗೆ ಅಡ್ಡಲಾಗಿ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದು, ಪಿಟಿಒವನ್ನು ಒಂದೆರಡು ಕ್ಷಣ ಮಾತ್ರ ತೊಡಗಿಸಿ ಬಿಡಿ. ಗೆರೆಗಳು ಒಂದಕ್ಕೊಂದು ತಪ್ಪಿದ್ದರೆ ಕ್ಲಚ್ ಜಾರುತ್ತಿದೆ ಎಂದು ಅರ್ಥ, ಆಗ ನಟ್ಟುಗಳನ್ನು ಮೊದಲಿನ ಅಳತೆಗೇ ಬಿಗಿಯಿರಿ. ಗೆರೆ ಕದಲದಿದ್ದರೆ ಬಿಚ್ಚಿ ತುಕ್ಕು ಉಜ್ಜಿಸಲೇಬೇಕು.

ಸ್ಲಿಪ್ ಕ್ಲಚ್ ಬದಲು ಶಿಯರ್ ಬೋಲ್ಟ್ ಇರುವ ಮಾದರಿಯಾದರೆ ಕಂಪನಿ ಹೇಳಿದ ಗ್ರೇಡಿನ ಬೋಲ್ಟನ್ನೇ ಹಾಕಿ, ಐದಾರು ಬೋಲ್ಟುಗಳನ್ನು ಟೂಲ್ ಬಾಕ್ಸಿನಲ್ಲಿಯೇ ಇಟ್ಟುಕೊಳ್ಳಿ. ಪದೇ ಪದೇ ತುಂಡಾಗುತ್ತದೆ ಎಂದು ಗಟ್ಟಿ ಬೋಲ್ಟ್ ಹಾಕಿಸಿಕೊಂಡು ಗೇರ್ ಬಾಕ್ಸ್ ಒಡೆದುಕೊಂಡು ಬರುವವರನ್ನು ಪ್ರತಿ ಹಂಗಾಮಿನಲ್ಲಿ ನೋಡುತ್ತೇನೆ. ತುಂಡಾಗುವುದೇ ಆ ಬೋಲ್ಟಿನ ಕೆಲಸ.

ಉಳಿದದ್ದು ದಿನದ ಕೆಲಸ. ಪಿಟಿಒ ಶಾಫ್ಟಿನ ಎರಡೂ ಕ್ರಾಸುಗಳಿಗೆ ಎಂಟು ಗಂಟೆಗೊಮ್ಮೆ ಗ್ರೀಸ್ ಗನ್ ಹಿಡಿಯಬೇಕು, ಒಳಗೊಂದು ಹೊರಗೊಂದು ಜಾರುವ ಕೊಳವೆಗಳಿಗೂ ಗ್ರೀಸ್ ಸವರಬೇಕು. ಕೆಲಸದ ಸ್ಥಿತಿಯಲ್ಲಿ ಆ ಕೊಳವೆಗಳು ಕನಿಷ್ಠ ಮೂರನೇ ಒಂದು ಭಾಗದಷ್ಟು ಒಂದರೊಳಗೊಂದು ಇರಬೇಕು; ಪೂರ್ತಿ ಎತ್ತಿ ಇಳಿಸಿ ನೋಡಿದಾಗ ತುದಿ ಮುಟ್ಟಿ ಒತ್ತಿಕೊಳ್ಳಲೂಬಾರದು. ಹೊಸ ಶಾಫ್ಟನ್ನು ಅಳತೆ ನೋಡದೆ ಹಾಗೆಯೇ ಜೋಡಿಸಿದರೆ ಮೊದಲ ಸಲ ಲಿಫ್ಟ್ ಎತ್ತುವಾಗಲೇ ಟ್ರ್ಯಾಕ್ಟರಿನ ಪಿಟಿಒ ಬೇರಿಂಗಿಗೆ ಏಟು ಬೀಳುತ್ತದೆ. ಗೇರ್ ಬಾಕ್ಸಿನ ಆಯಿಲ್ ಮಟ್ಟವನ್ನು ಬೆಳಗ್ಗೆ ಯಂತ್ರ ತಣ್ಣಗಿರುವಾಗ ನೋಡಿ. ಬ್ಲೇಡುಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಿ, ಸಾಣೆ ಹಿಡಿಯುವಾಗ ಎರಡರ ತೂಕ ಸಮ ಇರಲಿ, ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಬೇಡಿ. ಕುಡುಗೋಲಿನಂತೆ ಚೂಪು ಮಾಡುವ ಅಗತ್ಯವಿಲ್ಲ, ಪೊದೆಗೆ ಅಂಚು ಎರಡು ಮಿಲಿಮೀಟರಿನಷ್ಟು ದಪ್ಪ ಇದ್ದರೇ ಬಾಳಿಕೆ. ಕೆಳಗೆ ಕೈ ಹಾಕುವಾಗ ಹೈಡ್ರಾಲಿಕ್ ಮೇಲೆ ಭರವಸೆ ಇಡದೆ ಮರದ ದಿಮ್ಮಿಗಳನ್ನು ಆನಿಸಿ, ಎಂಜಿನ್ ಆರಿಸಿ, ಬೀಗದ ಕೈ ಜೇಬಿನಲ್ಲಿಟ್ಟುಕೊಳ್ಳಿ.

ಅರಸೀಕೆರೆ ತೆಂಗು
ಇದಕ್ಕೆ ಒಂದು ಸೇರಿಸಬೇಕು. ಏರ್ ಕ್ಲೀನರ್ ಆಯಿಲ್ ಬಾತ್ ಮಾದರಿಯದಾದರೆ ಬೀಳು ಹೊಲದ ಧೂಳಿಗೆ ಒಂದೇ ದಿನದಲ್ಲಿ ಅದರ ಬಟ್ಟಲಿನ ಎಣ್ಣೆ ಕೆಸರಾಗುತ್ತದೆ, ದಿನವೂ ಬಿಚ್ಚಿ ನೋಡಬೇಕು. ಹುಲ್ಲಿನ ಹೂವು ರೇಡಿಯೇಟರ್ ಜಾಲರಿಗೆ ಕಂಬಳಿಯಂತೆ ಅಂಟುತ್ತದೆ, ಉಷ್ಣತೆಯ ಮುಳ್ಳು ಏರುವವರೆಗೆ ಕಾಯದೆ ಆಗಾಗ ನಿಲ್ಲಿಸಿ ತೆಗೆಯಿರಿ. ಸೈಲೆನ್ಸರ್ ಸುತ್ತ ಒಣಹುಲ್ಲು ಕೂತರೆ ಬೆಂಕಿ ಹತ್ತುತ್ತದೆ.

ಬಾಗೇಪಲ್ಲಿ ಕಡಲೆಕಾಯಿ
ಇಷ್ಟೆಲ್ಲ ಏಕೆ? ಬೇಸಿಗೆಯಲ್ಲಿ ಒಂದು ಕಡ್ಡಿ ಗೀರಿದರೆ ಆರು ಎಕರೆಯೂ ಅರ್ಧ ದಿನದಲ್ಲಿ ಬಯಲಾಗುತ್ತದೆ.

ಹುಣಸೂರು ಹೊಲಮನೆ
ಬೆಂಕಿ ಹುಲ್ಲನ್ನು ಸುಡುತ್ತದೆ, ಲಂಟಾನದ ಬುಡವನ್ನು ಸುಡುವುದಿಲ್ಲ. ಮಳೆ ಬಿದ್ದ ಕೂಡಲೇ ಅದೇ ಬುಡದಿಂದ ಚಿಗುರು ಬರುತ್ತದೆ, ಆ ಹೊತ್ತಿಗೆ ಪೈಪೋಟಿ ಕೊಡುವ ಹುಲ್ಲೂ ಅಲ್ಲಿ ಇರುವುದಿಲ್ಲ. ಕಡೂರು ಕಡೆ ಬೇಸಿಗೆಯ ಗಾಳಿಗೆ ಅದು ಪಕ್ಕದವರ ತೆಂಗಿನ ತೋಟಕ್ಕೆ ಹಾರಿದರೆ ಯಾರು ಹೊಣೆ? ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ.

ಹಾಗೆಯೇ ಸ್ಲ್ಯಾಷರ್ ಓಡಿಸುವಾಗ ಸುತ್ತಲೂ ಸುತ್ತಿಕೊಂಡು ನಡುವಿಗೆ ಬರಬೇಡಿ. ಮೊಲ, ಕೌಜುಗ, ಹಾವು ಎಲ್ಲವೂ ಕೊನೆಗೆ ಉಳಿದ ನಡುವಿನ ಪೊದೆಯಲ್ಲಿ ಸಿಕ್ಕಿ ಸಾಯುತ್ತವೆ. ಹೊಲದ ನಡುವಿನಿಂದ ಶುರು ಮಾಡಿ ಹೊರಕ್ಕೆ ಹೋದರೆ ಅವು ಬದುವಿನ ಕಡೆಗೆ ತಪ್ಪಿಸಿಕೊಳ್ಳುತ್ತವೆ. ಕೊಳಕುಮಂಡಲ ಇಂತಹ ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ, ಮುಂದೆ ಕೊಂಬೆ ಸವರುವವರಿಗೆ ಗಮ್‌ಬೂಟು ಕೊಡಿಸಿ.

ಸಿಂಧನೂರು ಕಪ್ಪುನೆಲ
ಮೇಡಂ ಮಾತಿಗೆ ನನ್ನ ಪೂರ್ಣ ಬೆಂಬಲ. ಯಂತ್ರ ಓಡುವಾಗ ನೂರು ಮೀಟರಿನೊಳಗೆ ಮಕ್ಕಳು, ದನ, ಕುರಿ ಯಾವುವೂ ಇರಬಾರದು. ಪಿಟಿಒ ಒಂದು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ, ಹೆಗಲ ಮೇಲಿನ ಟವೆಲ್ ಸಿಕ್ಕಿದರೆ ಬಿಡಿಸಿಕೊಳ್ಳುವುದಕ್ಕೆ ಸಮಯವೇ ಇರುವುದಿಲ್ಲ. ಪ್ಲಾಸ್ಟಿಕ್ ಕವಚ ಇಲ್ಲದ ಶಾಫ್ಟನ್ನು ಬಾಡಿಗೆಗೂ ತರಬೇಡಿ.

ಗೌರಿಬಿದನೂರು ರಾಗಿ
ಪಾರ್ಥೇನಿಯಂ ಬಗ್ಗೆ ಕೇಳಬೇಕಿತ್ತು. ನಾವು ಪ್ರತಿ ಸಲ ಕಡಿಸಿದರೂ ಮತ್ತೆ ಗೇಣುದ್ದ ಇರುವಾಗಲೇ ಹೂ ಬಿಡುತ್ತದೆ.

ಹುಣಸೂರು ಹೊಲಮನೆ
ಕತ್ತರಿಸಿದ ಗಿಡ ಕೆಳಗಿನ ಗೆಣ್ಣುಗಳಿಂದ ಚಿಗುರಿ ಬೇಗನೆ ಹೂ ಬಿಡುವುದು ಅದರ ಸ್ವಭಾವ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಆದ್ದರಿಂದ ಹೂ ಬಿಟ್ಟ ಮೇಲೆ ಸ್ಲ್ಯಾಷರ್ ಓಡಿಸಿದರೆ ಬಿತ್ತನೆ ಮಾಡಿದಂತೆಯೇ. ಹೂವಿಗೆ ಮೊದಲು ಒಮ್ಮೆ ಕಡಿದು, ಚಿಗುರು ಬಂದ ಕೂಡಲೇ ನೇಗಿಲು ಹೊಡೆದು ಮಣ್ಣಿಗೆ ಸೇರಿಸಿದರೆ ಅದೇ ಹಸಿರೆಲೆ ಗೊಬ್ಬರ. ನಂತರ ನೆಲವನ್ನು ಬರಿದಾಗಿ ಬಿಡದೆ ಹುರುಳಿಯನ್ನು ಒತ್ತಾಗಿ ಬಿತ್ತಿ. ಕೀಳುವವರು ಕೈಗವಸು ಹಾಕಿಕೊಳ್ಳಲೇಬೇಕು, ಅದರ ಸ್ಪರ್ಶದಿಂದ ಬರುವ ಚರ್ಮದ ಅಲರ್ಜಿ ಕೆಲವರಿಗೆ ವಾಸಿಯಾಗುವುದೇ ಇಲ್ಲ. 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಮೆಕ್ಸಿಕೋದ ದುಂಬಿ ಮಳೆಗಾಲದಲ್ಲಿ ಇದರ ಎಲೆ ತಿನ್ನುವುದನ್ನು ನಮ್ಮ ಹೊಲದಲ್ಲಿಯೂ ನೋಡುತ್ತೇವೆ, ಆದರೆ ಅದನ್ನೇ ನಂಬಿ ಕೂರುವಷ್ಟು ಅಲ್ಲ.

ಕಡೂರು ಬಯಲು
ಎಲ್ಲರಿಗೂ ಧನ್ಯವಾದಗಳು. ಜಾಲಿಯ ಬುಡಗಳಿಗೆ ಮಾತ್ರ ಜೆಸಿಬಿ, ಬದುವಿನ ಲಂಟಾನದ ಮೇಲ್ಭಾಗಕ್ಕೆ ಆಳುಗಳು, ಉಳಿದದ್ದಕ್ಕೆ ಐದು ಅಡಿಯ ಸ್ಲ್ಯಾಷರ್ ಎಂದು ಮನೆಯಲ್ಲಿ ಮಾತನಾಡಿಕೊಂಡಿದ್ದೇವೆ, ಭಾವನವರೂ ಒಪ್ಪಿದ್ದಾರೆ. ಗರಿಕೆ ಇರುವ ಎಕರೆಗೆ ಈ ವರ್ಷ ರೋಟವೇಟರ್ ಹಾಕುವುದಿಲ್ಲ, ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಸಿ ಗೆಡ್ಡೆಗಳನ್ನು ಬಿಸಿಲಿಗೆ ಒಣಗಿಸುತ್ತೇವೆ. ಉಳಿದಿರುವ ಪ್ರಶ್ನೆ ಒಂದೇ: ಹೊಸದನ್ನು ಕೊಳ್ಳಬೇಕೆ, ಬಾಡಿಗೆ ತರಬೇಕೆ?

ದಾವಣಗೆರೆ ಮೆಕ್ಕೆಜೋಳ
ರೋಟವೇಟರ್ ವಿಷಯದಲ್ಲಿ ವರ್ಕ್‌ಶಾಪಿನವರ ವಿವರಣೆ ನನಗೆ ಒಪ್ಪಿಗೆಯಾಯಿತು. ಬಾಡಿಗೆಗೆ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಎಲ್ಲ ಕೇಂದ್ರಗಳಲ್ಲಿ ಸ್ಲ್ಯಾಷರ್ ಇರುವುದಿಲ್ಲ, ಇದ್ದರೂ ಹಂಗಾಮಿನಲ್ಲಿ ಸರದಿ ಇರುತ್ತದೆ. ಕೊಳ್ಳುವುದಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಪಟ್ಟಿಯಲ್ಲಿ ಅದು ಇದೆಯೇ ಎಂದು ಮೊದಲೇ ಕೇಳಿ, ಬಿಲ್ ಮಾಡಿಸಿದ ಮೇಲೆ ಅರ್ಜಿ ಹಾಕಿದರೆ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಯಂತ್ರಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಹಾವೇರಿ ವರ್ಕ್‌ಶಾಪ್
ಆರು ಎಕರೆಗೆ ಮಾತ್ರವಾದರೆ ಈ ವರ್ಷ ಬಾಡಿಗೆ ತನ್ನಿ. ಲಂಟಾನ ಬುಡದಿಂದ ಮತ್ತೆ ಚಿಗುರುವುದರಿಂದ ಎರಡು ಮೂರು ಹಂಗಾಮು ಕಡಿಯಲೇಬೇಕಾಗುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದ ಇಬ್ಬರು ಮೂವರು ಸೇರಿದರೆ ಕೊಳ್ಳುವುದೂ ಹೊರೆಯಾಗದು. ಬಾಡಿಗೆಯದನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮೊದಲು ಗೇರ್ ಬಾಕ್ಸಿನ ಅಡಿಯಲ್ಲಿ ಆಯಿಲ್ ಸೋರಿದ ಗುರುತು, ಬ್ಲೇಡ್ ಬೋಲ್ಟಿನ ಸವೆತ, ಶಾಫ್ಟಿನ ಕವಚ ಇಷ್ಟನ್ನು ಬಾಡಿಗೆಗೆ ಕೊಡುವವರ ಎದುರಿಗೇ ಫೋಟೊ ತೆಗೆದುಕೊಳ್ಳಿ. ಎಂಜಿನ್ನನ್ನು ಪಿಟಿಒ 540 ಸುತ್ತು ಬರುವ ಗುರುತಿಗೆ ತಂದು, ಲೋ ಗೇರಿನಲ್ಲಿ ನಿಧಾನವಾಗಿ ಹೋಗಿ. ಮೊದಲ ಸಲ ನೆಲದಿಂದ ಆರೇಳು ಇಂಚು ಎತ್ತರಕ್ಕೆ ಕಡಿದು, ಕಲ್ಲು ಬುಡಗಳು ಕಣ್ಣಿಗೆ ಕಂಡ ಮೇಲೆ ಎರಡನೆಯ ಸಲ ತಗ್ಗಿಸಿ.

ಕಡೂರು ಬಯಲು
ಹಾಗೆಯೇ ಮಾಡುತ್ತೇನೆ ಸರ್. ಮುಂದಿನ ವಾರ ಯಂತ್ರಧಾರೆ ಕೇಂದ್ರಕ್ಕೆ ಹೋಗಿ ಬಾಡಿಗೆ ದರ ಮತ್ತು ಸರದಿ ವಿಚಾರಿಸಿಕೊಂಡು ಇಲ್ಲಿಯೇ ತಿಳಿಸುತ್ತೇನೆ, ಚಿಕ್ಕಮಗಳೂರು ಜಿಲ್ಲೆಯ ಬೇರೆಯವರಿಗೂ ಉಪಯೋಗವಾದೀತು.